ಚೂಡಾಮಣಿ ಅತ್ತೆಯ ಹೋಟೆಲಿನ ಚಾವಣಿ

16 ಅಕ್ಟೋಬರ್ 1985, ಬುಧವಾರ

ನೆಲ ಮತ್ತೆ ಹಾಳು.

ನಿನ್ನೆ ಸಂಜೆ ರೆಡ್ ಆಕ್ಸೈಡ್ ಎಳೆದು, ಕರಣೆಯಲ್ಲಿ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿ, ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ ಬಂದಿದ್ದೆವು. ಇವತ್ತು ಬೆಳಿಗ್ಗೆ ನೋಡಿದರೆ ಬಾಗಿಲಿನಿಂದ ಗಲ್ಲಾದವರೆಗೆ ಹೆಜ್ಜೆ ಗುರುತು. ಮೂರು ಕಾಲಿನ ಪ್ರಾಣಿ. ಎರಡು ಕಾಲಿಗೆ ಚಪ್ಪಲಿ, ಮೂರನೆಯದಕ್ಕೆ ಕಬ್ಬಿಣದ ಮೊನೆ.

ಮುಂದೆ ಯಾವತ್ತಾದರೂ ಜಯನಗರ ಮೂರನೇ ಬ್ಲಾಕನ್ನು ಅಗೆದು ನೋಡುವ ಪುರಾತತ್ವ ಪಂಡಿತರ ಅವಗಾಹನೆಗೆ: ಸದರಿ ಕುಳಿಗಳು ಶಿಲಾಯುಗದವಲ್ಲ. ಕ್ರೋಧನ ಸಂವತ್ಸರದ ನವರಾತ್ರಿಯಲ್ಲಿ ನಿವೃತ್ತ ಅಕೌಂಟ್ಸ್ ಆಫೀಸರ್ ವೆಂಕಟಾಚಲ ಮಾವನವರು, ನೆಲ ಒಣಗಿದೆಯೇ ಎಂದು ತಿಳಿಯಲು, ಛತ್ರಿಯಲ್ಲಿ ಚುಚ್ಚಿ ನೋಡುತ್ತಾ ನೋಡುತ್ತಾ ನಡೆದದ್ದು. ಹೆಜ್ಜೆಗೊಂದು ಪರೀಕ್ಷೆ. ಮೊದಲನೆಯ ಕುಳಿಯಲ್ಲೇ ಉತ್ತರ ಸಿಕ್ಕಿರಬೇಕಲ್ಲವೇ?

"ಒಣಗಿರ್ಲಿಲ್ಲ ಕಣಮ್ಮ ವಾರಿಜಾ," ಅಂದರು, ನನಗೆ ಗೊತ್ತಿಲ್ಲದ ಸಮಾಚಾರ ತಿಳಿಸುವ ಹಾಗೆ. "ಮೊಸಾಯಿಕ್ ಹಾಕ್ಸಿದ್ರೆ ಈ ತಾಪತ್ರಯ ಇರ್ತಿತ್ತಾ?"

ಪಂಡಿತರಿಗೆ ಇನ್ನೂ ಒಂದೆರಡು ವಿಷಯ. ಹೋಟೆಲು ಚೂಡಾಮಣಿ ಅತ್ತೆಯದು, ಅಂದರೆ ನನ್ನ ಅಪ್ಪನ ತಂಗಿಯದು. ಕಟ್ಟಡದಲ್ಲಿ ಅರ್ಧ, ತೀರಿಹೋದ ಅವಳ ಗಂಡನದು. ಇನ್ನರ್ಧ, ಆ ಗಂಡನ ಅಣ್ಣನದು — ಅವರೇ ಮೇಲ್ಕಂಡ ಛತ್ರಿಯವರು. ಬೀಗದ ಕೈ ಅವರ ಜನಿವಾರದಲ್ಲಿ. ಒಳಾಂಗಣ ವಿನ್ಯಾಸ: ಕುಮಾರಿ ವಾರಿಜಾ, ಡಿಪ್ಲೊಮಾ ಇನ್ ಇಂಟೀರಿಯರ್ ಡೆಕೊರೇಶನ್, ವಯಸ್ಸು ಇಪ್ಪತ್ತೆರಡು, ಅನುಭವ ಸೊನ್ನೆ, ಅಹಂಕಾರ ಯಥೇಚ್ಛ.

ನೆಲ ನಾಳೆ ಕೆತ್ತಿಸಿ ಮತ್ತೆ ಹಾಕಿಸಬೇಕು. ಗಾರೆಯವನು ನನ್ನನ್ನೇ ಬೈದ.

19 ಅಕ್ಟೋಬರ್, ಶನಿವಾರ

ಸ್ವಿಟ್ಜರ್‌ಲೆಂಡ್ ಬಂತು.

ಸುರುಳಿ ಸುತ್ತಿಕೊಂಡು, ಮಾವನ ಕಂಕುಳಲ್ಲಿ. ಇಡೀ ಗೋಡೆಗೆ ಅಂಟಿಸುವ ಸೀನರಿ. ಹಿಮದ ಬೆಟ್ಟ, ಕೆಳಗೆ ಸರೋವರ, ದಂಡೆಯಲ್ಲಿ ನಮ್ಮನ್ನೇ ನೋಡುತ್ತಾ ನಿಂತ ಒಂದು ಹಸು.

"ಎಲ್ಲಾ ಫ್ಯಾಮಿಲಿ ರೂಮಲ್ಲೂ ಈಗ ಇದೇ ಕಣಮ್ಮ. ನೋಡಿದ್ರೇ ತಣ್ಣಗಾಗತ್ತೆ."

"ಮಾವ, ಅತ್ತೆ ಕೊಡೋದು ಗೊಜ್ಜವಲಕ್ಕಿ. ಆ ಬೆಟ್ಟದ ಕೆಳಗೆ ಕೂತು ತಿಂದ್ರೆ ನೆಗಡಿ ಆಗತ್ತೆ."

"ನೀನೇನು ಹಾಕ್ತೀಯ ಹಾಗಾದ್ರೆ?"

"ಎಲ್ಲಾ ನಮ್ಮೂರಿಂದು. ಬಿದಿರು, ಮಣ್ಣು, ತೆಂಗಿನ ಹುರಿ, ಹುಲ್ಲು..."

"ಹುಲ್ಲು," ಅಂದರು ಮಾವ. ಸ್ವಲ್ಪ ಹೊತ್ತು ಯೋಚಿಸಿದರು. "ತಿನ್ನೋದಕ್ಕೆ ಯಾರು ಬರ್ತಾರಮ್ಮ?"

ನಾನು ಆ ಚಿತ್ರದ ಹಸುವನ್ನು ತೋರಿಸಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಆದರೆ ವಾಪಸ್ಸು ಬಂದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಮಾವ ಗಲ್ಲಾದ ಹಿಂದಿನ ಕುರ್ಚಿಯನ್ನು ಅಲ್ಲಾಡಿಸಿ ನೋಡುತ್ತಿದ್ದರು. "ಇಲ್ಲಿ ಯಾರು ಕೂರೋದು ಅನ್ನೋದು ಆಮೇಲೆ ನೋಡಿದ್ರಾಯ್ತು," ಅಂದರು.

"ಆಮೇಲೆ ಏನಿದೆ ಭಾವ? ನಾನೇ ಕೂರೋದು."

"ಅಲ್ಲಮ್ಮ. ಬೆಳಿಗ್ಗೆ ಬೆಳಿಗ್ಗೆ ಜನ ಒಳಗೆ ಕಾಲಿಡ್ತಿದ್ದ ಹಾಗೆ..."

ಅಲ್ಲಿಗೇ ನಿಲ್ಲಿಸಿದರು. ಅರ್ಧ ವಾಕ್ಯದಲ್ಲಿ ಮಾವ ಪದವೀಧರರು. ಉಳಿದರ್ಧ ಎಲ್ಲರಿಗೂ ಗೊತ್ತು: ಕುಂಕುಮವಿಲ್ಲದ ಹಣೆ, ಅದೂ ಬೋಣಿಗೆ ಮುಂಚೆ.

ಅವರು ಹೋದ ಮೇಲೆ ಅತ್ತೆ ಅದೇ ಕುರ್ಚಿಯಲ್ಲಿ ಕೂತಳು. "ಇಷ್ಟು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿದೆ ಕಣೆ. ಛತ್ರದ ಹಿಂದುಗಡೆ, ಒಲೆ ಮುಂದೆ. ನಾನು ಮಾಡಿದ್ದನ್ನ ಒಬ್ಬರಾದ್ರೂ ತಿನ್ನೋದನ್ನ ನಾನು ನೋಡಿಲ್ಲ. ಎಲೆ ಎತ್ಕೊಂಡು ಬರ್ತಾರಲ್ಲ, ಅದರಲ್ಲಿ ಏನು ಮಿಕ್ಕಿದೆ ಅಂತ ನೋಡ್ತಿದ್ದೆ. ಅಷ್ಟೇ. ಇಲ್ಲಿ ಅಡುಗೆಗೆ ಇಬ್ಬರನ್ನ ತಯಾರು ಮಾಡಿದೀನಿ. ನನಗೆ ಈ ಕುರ್ಚಿ ಬೇಕು. ತಿನ್ನೋರ ಮುಖ ಕಾಣ್ಬೇಕು."

ಏನಾದರೂ ಜೋಕು ಹೇಳೋಣವೆಂದು ಬಾಯಿ ತೆರೆದೆ. ಬರಲಿಲ್ಲ. ಇದು ನನಗೆ ಅಪರೂಪ.

25 ಅಕ್ಟೋಬರ್, ಶುಕ್ರವಾರ

ಸುದ್ದಗುಂಟೆಪಾಳ್ಯದ ಮುನಿಯಕ್ಕ, ಬಿದಿರಿನ ಕೆಲಸದವಳು, ಸೋಮವಾರ ಬರಬೇಕಾದವಳು ಇವತ್ತು ಬಂದಳು. ಬಂದವಳೇ ನಾನು ರಾತ್ರಿಯೆಲ್ಲ ಕೂತು ಬರೆದ ಡ್ರಾಯಿಂಗನ್ನು ತಲೆಕೆಳಗಾಗಿ ಹಿಡಿದು, "ಏಣಿ," ಅಂದಳು.

"ಏಣಿ ಅಲ್ಲ ಮುನಿಯಕ್ಕ, ಚಾವಣಿ. ಏಣಿ ಥರ ಕಟ್ಟಿ, ಅಡ್ಡಡ್ಡ ಮೇಲೆ ಕಟ್ಟೋದು."

"ಹತ್ತೋರ್ ಯಾರು?"

"ಯಾರೂ ಹತ್ತಲ್ಲ."

"ಮತ್ತೆ ಏಣಿ ಯಾತಕ್ಕೆ?"

ಅರ್ಧ ಗಂಟೆ ಹೀಗೆ. ಕೊನೆಗೆ ಒಪ್ಪಂದವಾಯಿತು: ಉದ್ದಕ್ಕೆ ಎರಡು ಗಳ, ನಡುವೆ ಗೇಣಿಗೊಂದು ಅಡ್ಡಪಟ್ಟಿ, ಹುರಿಯಲ್ಲಿ ಬಿಗಿದದ್ದು. ಹಾಗೆ ಸಾಲಾಗಿ ಇಡೀ ಹಾಲಿಗೆ. ಮೊಳೆ ಒಂದೂ ಇಲ್ಲ. ನಾನು ಒಣಬಿದಿರು ಅಂದೆ. "ಒಣಗಿದ್ದು ಸೀಳ್ಕೊಂತದೆ. ಹಸೀದೇ ತತ್ತೀನಿ, ಪಚ್ಚೆ ಪಚ್ಚೆ ಕಾಣ್ತದೆ, ಒಳ್ಳೇ ಮದುವೆ ಚಪ್ಪರ ಇದ್ದಂಗೆ." ಹಸಿರೇ ಚೆನ್ನ ಅನ್ನಿಸಿತು ನನಗೂ. ಕಲಾವಿದೆ ಮುನಿಯಕ್ಕನಿಗೆ ಜಯವಾಗಲಿ. ಬುಧವಾರ ತರುತ್ತಾಳಂತೆ. ಯಾವ ಬುಧವಾರ ಎಂದು ಕೇಳುವ ಧೈರ್ಯವಾಗಲಿಲ್ಲ.

30 ಅಕ್ಟೋಬರ್, ಬುಧವಾರ

ಈ ಬುಧವಾರ ಅಲ್ಲ.

ಹೊಸಕೆರೆಹಳ್ಳಿಗೆ ಹೋಗಿ ಮಡಕೆ ಗೊತ್ತು ಮಾಡಿ ಬಂದೆ. ರುದ್ರಮ್ಮ ಅಂತ, ದೊಡ್ಡ ಬಾಯಿ, ದೊಡ್ಡ ಮೂಗುತಿ. ಮಡಕೆಗೆ ತೂತು ಮಾಡಬೇಕು ಅಂದಾಗ ಅವಳಿಗೆ ಪ್ರಾಣ ಹೋದ ಹಾಗಾಯಿತು. "ತೂತಿಲ್ಲದಂಗೆ ಮಾಡಾದಕ್ಕೇ ಅಲ್ವಾ ನಾವು ಸಾಯಾದು?"

ಒಳಗೆ ಬಲ್ಬು, ತೂತಿನಲ್ಲಿ ಬೆಳಕು ಸೋರಬೇಕು ಎಂದು ವಿವರಿಸಿದೆ. ಹುಚ್ಚಿಯನ್ನು ನೋಡುವ ಹಾಗೆ ನೋಡಿ ಒಪ್ಪಿದಳು.

ವಾಪಸ್ಸು ಬಸ್ಸಿನಲ್ಲಿ ಯೋಚನೆ ಬಂತು — ಮಡಕೆಯನ್ನು ಒಂದೇ ಸರಪಳಿಯಲ್ಲಿ ಇಳಿಬಿಟ್ಟರೆ ಎಲ್ಲಾ ಹೋಟೆಲಿನ ಹಾಗೇ ಆಗುತ್ತದೆ. ಮೂರು ಹುರಿ. ನೆಲುವಿನ ಹಾಗೆ. ಆಹಾ. ವಾರಿಜಾ, ನೀನು ಪ್ರತಿಭಾವಂತೆ.

4 ನವೆಂಬರ್, ಸೋಮವಾರ

ಎಲೆಕ್ಟ್ರಿಷಿಯನ್ ಬದರಿನಾಥ ಐದನೇ ಸಲ ಕೈಕೊಟ್ಟ. ಅವನಿಗೆ ಒಂದು ಪತ್ರ ಕಳಿಸಿದೆ, ಶುದ್ಧ ಸರ್ಕಾರಿ ಕನ್ನಡದಲ್ಲಿ: "ಮೇಲ್ಕಂಡ ವಿಳಾಸದಲ್ಲಿ ಗೋಡೆಯಿಂದ ಹೊರಬಂದಿರುವ ತಂತಿಗಳು ತಮ್ಮ ಹೆಸರು ಹಿಡಿದು ಅಳುತ್ತಿರುವುದಾಗಿ ನೆರೆಹೊರೆಯವರಿಂದ ದೂರು ಬಂದಿರುತ್ತದೆ." ಮಧ್ಯಾಹ್ನ ಓಡಿ ಬಂದ. ನಿಜವಾಗಿಯೂ ಗೋಡೆಗೆ ಕಿವಿಯಿಟ್ಟು ಕೇಳಿದ. ಆಮೇಲೆ ಎರಡು ಲೋಟ ಕಾಫಿ ಕುಡಿದು, ಮಡಕೆಗಳಿಗೆ ಹೋಲ್ಡರ್ ಕೂರಿಸಲು ಶುರು ಮಾಡಿದ. ಕಾಫಿ ಇಲ್ಲದೆ ಈ ಮನುಷ್ಯ ಯಾವ ಮನೆಯಿಂದಲೂ ಎದ್ದುಹೋದ ಇತಿಹಾಸವಿಲ್ಲ.

ಇದೇ ದಿನದ ಇನ್ನೊಂದು ಘಟನೆ: ಗಲ್ಲಾದ ಮೇಲಿನ ಗೋಡೆಯಲ್ಲಿ ಒಂದು ಹಲ್ಲಿ ಬರೆದೆ. ಬರೀ ಕೈಗೆ ಕೆಲಸವಿಲ್ಲದ್ದಕ್ಕೆ. ನೆರಳು ಗಿರಳು ಎಲ್ಲ ಹಾಕಿ. ಚೆನ್ನಾಗಿಯೇ ಬಂತು. ಬದರಿನಾಥ ಮೂರು ಸಲ ಕಡ್ಡಿಯಲ್ಲಿ ತಿವಿದ.

7 ನವೆಂಬರ್, ಗುರುವಾರ

ಮಾವ ಗಲ್ಲಾದ ಎದುರು ಒಂದು ಗಂಟೆ ನಿಂತರಂತೆ. ಹಲ್ಲಿ ಪಶ್ಚಿಮಕ್ಕೆ ಮುಖ ಮಾಡಿದೆ, ಸೋಮವಾರದಿಂದ ಕದಲಿಲ್ಲ. ಮನೆಗೆ ಹೋಗಿ ಪಂಚಾಂಗ ತಂದರು. ಬಿದ್ದರೆ ಏನು ಫಲ ಎಂದಿದೆ, ನುಡಿದರೆ ಏನು ಎಂದಿದೆ; ಮೂರು ದಿನ ಸುಮ್ಮನೆ ಇದ್ದರೆ ಏನು ಎಂದು ಯಾವ ಶಾಸ್ತ್ರಕಾರನೂ ಬರೆದಿಲ್ಲ. ಕೊನೆಗೆ ಛತ್ರಿಯಲ್ಲಿ ಮುಟ್ಟಿ ನೋಡಿದರು. ಬಣ್ಣ ಬಂತು.

"ಇಂಥಾ ವಿಷಯದಲ್ಲಿ ಆಟ ಆಡಬಾರದಮ್ಮ," ಅಂದರು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಬೇಜಾರು ಮಾಡಿಕೊಂಡರು.

ಅಳಿಸಿದೆ. ಅತ್ತೆ ಬೈದಳು, ನಡುನಡುವೆ ನಗುತ್ತಾ.

ಬಿದಿರು ಬಂತು! ಗುರುವಾರ!

16 ನವೆಂಬರ್, ಶನಿವಾರ

ಹಬ್ಬದ ದೆಸೆಯಿಂದ ಎಲ್ಲ ನಿಂತಿತ್ತು. ಹಬ್ಬ ಮುಗಿಯಿತು, ಮುನಿಯಕ್ಕ ಮುಗಿಯಲಿಲ್ಲ — ಊರಿಗೆ ಹೋದವಳು ಮಗಳ ಬಾಣಂತನ, ನಾದಿನಿಯ ಜಗಳ ಎಲ್ಲ ಮುಗಿಸಿಕೊಂಡು ನಿನ್ನೆ ಬಂದಳು. ಬಂದವಳು ದೆವ್ವದ ಹಾಗೆ ದುಡಿದಳು, ಸುಳ್ಳು ಹೇಳಬಾರದು. ಶುಕ್ರವಾರ 22ಕ್ಕೆ ಪ್ರಾರಂಭ. ಕಾರ್ಡೂ ಹಂಚಿಯಾಗಿದೆ.

ಇಲ್ಲಿಯವರೆಗೆ ಒಂದೊಂದೂ ಒಂದೊಂದು ಮೂಲೆಯಲ್ಲಿತ್ತು. ಬಿದಿರು ಹಿತ್ತಲಲ್ಲಿ, ಮಡಕೆ ಗೋಡೌನಿನಲ್ಲಿ, ಹುಲ್ಲು ಗೋಣಿಯಲ್ಲಿ. ಇವತ್ತು ಮೊದಲ ಸಲ ಎಲ್ಲ ಮೇಲೆ ಹೋಯಿತು. ಹಸಿರು ಏಣಿಗಳು ಸಾಲಾಗಿ. ಅದರ ಮೇಲೆ ತೆಳ್ಳಗೆ ಹುಲ್ಲು. ಕೆಳಗೆ ಮೂರು ಹುರಿಯಲ್ಲಿ ಮಡಕೆ. ಕರೆಂಟ್ ಇನ್ನೂ ಕೊಟ್ಟಿಲ್ಲ, ಒಂದು ಮಡಕೆಯಲ್ಲಿ ಹಣತೆ ಇಟ್ಟು ನೋಡಿದೆವು. ಕೆಂಪು ಬೆಳಕು ತೂತಿನಿಂದ ಇಳಿದು ಹೊಸ ನೆಲದ ಮೇಲೆ ಚುಕ್ಕಿ ಚೆಲ್ಲಿತು.

ಮುನಿಯಕ್ಕ, "ನನ್ ಸೊಸೀನ್ ಕರ್ಕೊಂಬಂದು ತೋರಿಸ್ತೀನಿ, ನಾ ಏನೂ ಮಾಡಾಕಿಲ್ಲ ಅಂತಾಳೆ ಮುಂಡೇದು," ಅಂದಳು. ಅತ್ತೆ ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಾ, "ತಂಪಾಗಿದೆ ಕಣೆ ವಾರೀ," ಅಂದಳು.

ನನ್ನ ಕೈಯಿಂದ ಒಂದು ಒಳ್ಳೆಯ ಕೆಲಸ ಆಗಿದೆ. ತಮಾಷೆಗಲ್ಲ. ನಿಜವಾಗಿ. ಇಲ್ಲಿ ಬರೆದಿಟ್ಟಿದ್ದೇನೆ, ಯಾರಿಗೂ ಹೇಳುವುದಿಲ್ಲ.

18 ನವೆಂಬರ್, ಸೋಮವಾರ, ಮಧ್ಯಾಹ್ನ

ಬದರಿನಾಥ ಬೆಳಿಗ್ಗೆ ಬಂದ. ಏಣಿ ಹತ್ತಿ ಎಲ್ಲ ಕನೆಕ್ಷನ್ ಕೊಟ್ಟ. ಇಳಿದು ಬಂದು ಸ್ವಿಚ್ ಒತ್ತಿದ. ಮಡಕೆಗಳು ಒಟ್ಟಿಗೆ ಹೊತ್ತಿಕೊಂಡವು. ಬಾಗಿಲಿನ ಹತ್ತಿರ ಹೋಗಿ, ತಿರುಗಿ, ಮೇಲೆ ನೋಡಿದ.

ನೋಡುತ್ತಲೇ ಇದ್ದ.

"ಹೇಗಿದೆ?" ಅಂದೆ.

"ಮೇಡಂ... ನಾನು ನಾಳೆ ಬರ್ತೀನಿ."

"ಕಾಫಿ ಆಗಿದೆ, ಇರಪ್ಪ," ಅಂದಳು ಅತ್ತೆ.

"ಬೇಡ ಅಮ್ಮ," ಅಂದವನೇ ಚೀಲ ಎತ್ತಿಕೊಂಡು ಹೋಗಿಯೇಬಿಟ್ಟ. ಕಾಫಿ ಬೇಡ ಅಂದ. ಆಗಲೇ ತಿಳಿಯಬೇಕಿತ್ತು ನನಗೆ.

ಹತ್ತು ನಿಮಿಷಕ್ಕೆ ಮಾವ. ಬಾಗಿಲಲ್ಲೇ ನಿಂತರು. ಛತ್ರಿ ಕೆಳಗೆ ಹಾಕಿದರು. ಚಪ್ಪಲಿ ಬಿಟ್ಟರು. ಕೈಮುಗಿದು, "ನಾರಾಯಣ, ನಾರಾಯಣ," ಅಂದರು. ಆಮೇಲೆ ತಮ್ಮ ಕೈ ಮುಗಿದಿದೆ ಎಂದು ತಮಗೇ ಗೊತ್ತಾಗಿ, ಬಿಡಿಸಿಕೊಂಡರು.

"ಯಾರಿಗೆ ಕಟ್ಟಿದೀರಮ್ಮ ಇದನ್ನ?"

"ಯಾರಿಗೆ ಅಂದ್ರೆ? ಹೋಟ್ಲಿಗೆ," ಅಂದೆ.

"ಹಸಿ ಬಿದಿರು. ಗೇಣಿಗೊಂದು ಅಡ್ಡಪಟ್ಟಿ. ಮೇಲೆ ಹುಲ್ಲು. ಮೂರು ಹುರಿಯಲ್ಲಿ ಬೆಂಕಿ ಮಡಕೆ. ಅದಕ್ಕೆ ತೂತು ಬೇರೆ." ಒಂದೊಂದನ್ನೂ ಬೆರಳು ಮಾಡಿ ಎಣಿಸಿದರು. "ಇನ್ನೇನು ಬಾಕಿ? ಒಬ್ಬರು ಮಲಗೋದು ಬಾಕಿ."

ನನಗೆ ಅರ್ಥವಾಗಲಿಲ್ಲ. ದೇವರಾಣೆ ಅರ್ಥವಾಗಲಿಲ್ಲ. ಅತ್ತೆಯ ಮುಖ ನೋಡಿದೆ. ಅವಳಿಗೂ ಆಗಿರಲಿಲ್ಲ.

"ಚಟ್ಟ ಕಣಮ್ಮ ಅದು! ಹೆಣ ಹೊರೋ ಚಟ್ಟ! ಮುಂದೆ ಹಿಡ್ಕೊಂಡು ಹೋಗೋ ಬೆಂಕಿ ಮಡಕೆ, ಮಸಾಣದಲ್ಲಿ ತೂತು ಹೊಡೆಯೋ ನೀರಿನ ಮಡಕೆ — ಎರಡನ್ನೂ ಸೇರಿಸಿ ಒಂದರಲ್ಲೇ ಮಾಡಿ ಸಾಲಾಗಿ ತೂಗುಬಿಟ್ಟಿದೀಯಲ್ಲ! ಹಲ್ಲಿ ಬರೆದೋಳು ತಾನೇ ನೀನು. ತಮಾಷೆಗೂ ಒಂದು ಮಿತಿ ಇರತ್ತೆ!"

"ತಮಾಷೆ ಅಲ್ಲ ಮಾವ—"

"ಇದಕ್ಕೇ ನಾನು ಹೇಳಿದ್ದು." ಈಗ ಅವರು ಅತ್ತೆಯ ಕಡೆ ತಿರುಗಿದ್ದರು. "ಮೊದಲಿಂದ ಹೇಳ್ತಾನೇ ಬಂದೆ. ಶುಭ ಅಶುಭ ನೋಡ್ಬೇಕು, ಮುಂದೆ ಕೂರೋದು ಬೇಡ ಅಂತ. ಈಗ ನೋಡು. ಚಟ್ಟದ ಕೆಳಗೆ ಕೂತ್ಕೊಂಡು, ಜನ ಬರ್ತಿದ್ದ ಹಾಗೆ, ಗಂಡ ಇಲ್ಲದ..." ಮತ್ತೆ ಅರ್ಧ. "ಇದು ಏನು ಅಂತ ನಿನಗಾದ್ರೂ ತಿಳೀಲಿಲ್ವಾ? ನಿಮ್ಮ ಮನೇಲೇ..."

ಅತ್ತೆ ಎದ್ದು ನಿಂತಳು.

"ನಮ್ಮ ಮನೇಲೇ. ಅವತ್ತು ನನ್ನನ್ನ ಒಳಗಿನ ರೂಮಲ್ಲಿ ಕೂರಿಸಿದ್ರಿ. ಹೊರಗೆ ಏನು ಕಟ್ತಾ ಇದೀರ ಅಂತ ನಾನು ನೋಡ್ಲಿಲ್ಲ ಭಾವ. ಒಂದ್ಸಲ ನೋಡ್ತೀನಿ ಅಂದೆ. ಹೆಂಗಸರು ನೋಡಬಾರದು ಅಂತ ನೀವೇ ಬಾಗಿಲು ಹಾಕಿದ್ರಿ."

ಮಾವ ಛತ್ರಿ ಎತ್ತಿಕೊಂಡರು. ಹೊರಗಿನಿಂದ ಬೀಗ ಹಾಕಿಕೊಂಡು ಹೋದರು. ನಾವು ಹಿತ್ತಲಿನಿಂದ ಬಂದೆವು.

ಅದೇ ದಿನ, ಸಂಜೆ

ಅಪ್ಪ ಎಲ್ಲವನ್ನೂ ವಿವರಿಸಿದರು, ಮೆಲ್ಲಗೆ, ಅಮ್ಮನಿಗೆ ಕೇಳದ ಹಾಗೆ. ಒಂದು ಕಾಗದದ ಮೇಲೆ ಬರೆದೂ ತೋರಿಸಿದರು. ನನ್ನ ಡ್ರಾಯಿಂಗೇ. ಅಳತೆ ಸಮೇತ.

ನಮ್ಮ ಬೀದಿಯಲ್ಲಿ ಹೆಣ ಹೋದಾಗಲೆಲ್ಲ ಅಮ್ಮ ಕಿಟಕಿ ಮುಚ್ಚಿ ನನ್ನನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಅಜ್ಜಿ ಹೋದಾಗ ನನ್ನನ್ನು ಪಕ್ಕದ ಮನೆಗೆ ಕಳಿಸಿದ್ದರು. ಇಪ್ಪತ್ತೆರಡು ವರ್ಷ ಕಣ್ಣು ಮುಚ್ಚಿಸಿ ಇಟ್ಟು, ಈಗ — ಕಾಣಲಿಲ್ಲವೇ ನಿನಗೆ, ಅಂತ.

ಅಪ್ಪ ಕೊನೆಗೆ ಕೇಳಿದರು: "ನಿಜ ಹೇಳು. ಗೊತ್ತಿದ್ದೂ ತಮಾಷೆಗೆ ಮಾಡಿದ್ಯಾ?"

ಜೀವಮಾನದಲ್ಲಿ ಒಂದೇ ಒಂದು ಸಲ ಗಂಭೀರವಾಗಿ ಕೆಲಸ ಮಾಡಿದೆ. ಅದನ್ನೇ ಎಲ್ಲರೂ ಜೋಕು ಅಂತಿದ್ದಾರೆ.

19 ನವೆಂಬರ್

ಏನೂ ಬರೆಯುವುದಿಲ್ಲ.

20 ನವೆಂಬರ್, ಬುಧವಾರ

ಬದರಿನಾಥ ಬಸ್‌ಸ್ಟಾಪಿನಲ್ಲಿ ಸಿಕ್ಕಿದ. ಹಿಡಿದು ನಿಲ್ಲಿಸಿದೆ. "ಒಂದು ಮಾತು ಹೇಳಬಾರದಿತ್ತೇನ್ರೀ?"

"ಮೇಡಂ, ಮೇಲೆ ಕೂತು ಕೆಲಸ ಮಾಡ್ಬೇಕಾದ್ರೆ ಏನೂ ಕಾಣ್ಲಿಲ್ಲ. ಕೆಳಗೆ ನಿಂತು ನೋಡ್ದಾಗ ಎದೆ ಝಲ್ ಅಂತು. ಆದ್ರೆ ನಿಮ್ಮನ್ನ ಕೇಳೋದಾ? ಇದೂ ಆ ಹಲ್ಲಿ ಥರಾನೇ, ನನ್ನ ಆಡಿಸಕ್ಕೆ ಮಾಡಿದೀರ ಅಂದ್ಕೊಂಡೆ. ನಾನು ಹೆದರಿದ್ರೆ ನೀವು ನಗ್ತೀರ ಅಂತ..."

ನಾಲ್ಕನೇ ಬ್ಲಾಕಿನ ಅರ್ಧ ಜನಕ್ಕೆ ಆಗಲೇ ಹೇಳಿಯಾಗಿತ್ತಂತೆ. "ಯಾರಿಗೂ ಹೇಳ್ಬೇಡಿ ಅಂತ ಹೇಳೇ ಹೇಳಿದೀನಿ ಮೇಡಂ."

ಸಂಜೆ ಮಾವ ಮನೆಗೇ ಬಂದರು. ಅತ್ತೆಯೂ ಇದ್ದಳು. ನನ್ನನ್ನು ಅಡುಗೆಮನೆಗೆ ಕಳಿಸಿದರು, ಅಡುಗೆಮನೆಗೆ ಬಾಗಿಲಿಲ್ಲ.

"ನಾನೇನು ನಿನ್ನ ಶತ್ರುನಾ ಚೂಡಾಮಣಿ? ನಾಲ್ಕು ಜನ ಆಡೋದನ್ನ ನಾನು ಕೇಳಬೇಕಲ್ಲ. ಶುಕ್ರವಾರ ಗಲ್ಲಾದಲ್ಲಿ ನಾನು ಕೂರ್ತೀನಿ. ನಿವೃತ್ತ ಮನುಷ್ಯ, ಲೆಕ್ಕ ಗೊತ್ತು. ನೀನು ಒಳಗೆ ನೋಡ್ಕೋ. ಹೋಟ್ಲು ನಿಂದೇ."

"ಬಿದಿರು ಬಿಚ್ಚಿಸ್ತೀನಿ ಭಾವ. ಮಡಕೆ ತೆಗೆಸ್ತೀನಿ. ಹುಲ್ಲು ಗುಡಿಸಿ ಹಾಕ್ತೀನಿ. ಹೋಮ ಮಾಡಿಸ್ಬೇಕಾ, ಮಾಡ್ಸಿ, ಬೇಡ ಅನ್ನಲ್ಲ. ಸ್ವಿಟ್ಜರ್‌ಲೆಂಡ್ ತಂದಿಟ್ಟಿದೀರಲ್ಲ, ಅದನ್ನೂ ಅಂಟಿಸಿ."

ನಾನು ಅಡುಗೆಮನೆಯಲ್ಲಿ ಸೌಟು ಕಚ್ಚಿಕೊಂಡೆ. ಸ್ವಿಟ್ಜರ್‌ಲೆಂಡ್!

"ಊಟಕ್ಕೆ ಬರೋರಿಗೆ ನೆನಪಾಗಬಾರದ್ದು ನೆನಪಾದ್ರೆ ಅದು ತಪ್ಪೇ. ಒಪ್ತೀನಿ. ಆದ್ರೆ ಬಿದಿರಿನ ಜೊತೆ ನನ್ನನ್ನೂ ಬಿಚ್ಚಿ ಒಳಗಿಡಬೇಡಿ. ನಾನು ಬಿದಿರಲ್ಲ. ಕುರ್ಚಿ ನಂದು."

ಮಾವ ಮಜ್ಜಿಗೆ ಕುಡಿದ ಸದ್ದು.

"ಜನ ಬರದೇ ಹೋದ್ರೆ?"

"ಬರದೇ ಹೋದ್ರೆ ಯಾರೂ ನನ್ನ ಮುಖ ನೋಡಲ್ಲ. ನಿಮ್ಮ ಶಕುನವೂ ಕೆಡಲ್ಲ."

"ಹಾಗಲ್ಲ... ಸರಿ. ಒಂದು ಮಾತು. ಶುಕ್ರವಾರ ಹತ್ತು ಗಂಟೆ ಒಳಗೆ ಬೋಣಿ ಆಗ್ಬೇಕು. ಹೊರಗಿನವರಿಂದ. ನಮ್ಮೋರು ತಮ್ಮೋರು ಬಂದು ತಿಂದ್ರೆ ಅದು ಬೋಣಿ ಅಲ್ಲ. ಆಗ್ಲಿಲ್ಲ ಅಂದ್ರೆ ನೀನು ಒಳಗೆ, ನಾನು ಮುಂದೆ. ಆಮೇಲೆ ಮಾತಾಡಬಾರದು."

"ಸರಿ," ಅಂದಳು ಅತ್ತೆ. ಅಷ್ಟು ಬೇಗ!

21 ನವೆಂಬರ್, ಗುರುವಾರ

ಬಿಚ್ಚಿದೆವು.

ಮುನಿಯಕ್ಕ ಬಿಚ್ಚುತ್ತಾ ಬಿಚ್ಚುತ್ತಾ ಬೈದಳು. "ನಮ್ ಕಡೆ ಹೆಂಗಸ್ರು ಅಲ್ಲಿಗ್ ಹೋಗಾಕಿಲ್ಲ, ನಂಗೇನ್ ಗೊತ್ತು? ಗಳ ಮಾರೋನು ನನ್ ಗಂಡ. ಯಾತಕ್ಕೆ ಒಯ್ತೀರಿ ಅಂತ ಒಬ್ಬೊಬ್ರನ್ನ ಕೇಳ್ಕೊಂಡ್ ಕೂರ್ತೀವಾ? ನೀವ್ ಓದಿರೋರು, ಪಟ ಬರ್ದ್ ಕೊಟ್ರಿ. ಏಣಿ ಯಾತಕ್ಕೆ ಅಂತ ನಾ ಅವತ್ತೇ ಕೇಳಿದ್ನೋ ಇಲ್ವೋ?"

ಕೇಳಿದ್ದಳು. ಆದರೆ ಅವಳ ಪ್ರಶ್ನೆ ಹತ್ತುವುದರ ಬಗ್ಗೆ ಇತ್ತು.

ಕೊನೆಯ ಏಣಿಯ ಹುರಿ ಕತ್ತರಿಸುವಾಗ ನಾನೇ ಕುಡುಗೋಲು ಇಸಿದುಕೊಂಡೆ. ಗಂಟು ಎಷ್ಟು ಬಿಗಿಯಾಗಿತ್ತೆಂದರೆ... ಒಳ್ಳೆಯ ಕೆಲಸ. ಯಾರು ಏನೇ ಅನ್ನಲಿ.

ಚಾವಣಿ ಈಗ ಬೋಳು. ಸುಣ್ಣ ಬಳಿದ ಕಾಂಕ್ರೀಟು, ನಾಲ್ಕು ಟ್ಯೂಬ್‌ಲೈಟು. ಪಕ್ಕದ ಗೋಡೆಯಲ್ಲಿ ಹಿಮ. ಮಾವ ತಾವೇ ಸ್ಟೂಲ್ ಹತ್ತಿ ಅಂಟಿಸಿದರು, ಸರೋವರ ಸ್ವಲ್ಪ ಸೊಟ್ಟಗೆ ಕೂತಿದೆ, ನೀರು ಹಸುವಿನ ಕಡೆ ಚೆಲ್ಲುವಂತಿದೆ. ತಿದ್ದುವ ಮನಸ್ಸಾಗಲಿಲ್ಲ.

ಅತ್ತೆಯನ್ನು ಕೇಳಿದೆ: "ನನ್ನ ಚಾವಣಿ ಕೊಟ್ಟು ಕುರ್ಚಿ ತಗೊಂಡ್ಯಲ್ಲ?"

"ಹೂಂ," ಅಂದಳು. ಸುತ್ತಿ ಬಳಸಿ ಏನೂ ಹೇಳಲಿಲ್ಲ. "ಬೇಜಾರಾ?"

"ಹೂಂ."

"ಆಗ್ಲಿ. ನಾಳೆ ಆರು ಗಂಟೆಗೆ ಬಾ. ಎಲೆ ಒರೆಸೋದಕ್ಕೆ ಜನ ಬೇಕು."

22 ನವೆಂಬರ್, ಶುಕ್ರವಾರ, 7.10

ಗೊಜ್ಜವಲಕ್ಕಿ, ಇಡ್ಲಿ, ತರಿ ಉಪ್ಪಿಟ್ಟು, ಕಾಯಿ ಹೋಳಿಗೆ ತಯಾರು. ಅತ್ತೆ ಬಿಳಿ ಸೀರೆ ಉಡಬಾರದೆಂದು ಅಮ್ಮ ಹೇಳಿದ್ದಕ್ಕೆ ಬದನೆಕಾಯಿ ಬಣ್ಣದ್ದು ಉಟ್ಟಿದ್ದಾಳೆ. ಗಲ್ಲಾದಲ್ಲಿ ಕೂತಿದ್ದಾಳೆ, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ. ಮಾವ ಎದುರಿನ ಕಟ್ಟೆಯ ಮೇಲೆ, ಛತ್ರಿ ಊರಿಕೊಂಡು. ನಾನು ಅಕ್ಕಿ ಮೂಟೆಯ ಹಿಂದೆ ಕೂತು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಉಗುರೆಲ್ಲ ತಿಂದುಬಿಡುತ್ತೇನೆ.

8.30

ಜನ ಬರುತ್ತಾರೆ, ಬಾಗಿಲಲ್ಲಿ ನಿಲ್ಲುತ್ತಾರೆ, ಮೇಲೆ ನೋಡುತ್ತಾರೆ, ಹೋಗುತ್ತಾರೆ. ವಾಕಿಂಗಿನ ಮುದುಕರಿಬ್ಬರು ರಸ್ತೆಯ ಆ ಬದಿಗೇ ದಾಟಿಕೊಂಡರು. ಬದರಿನಾಥನ ಬಾಯಿಗೆ ಸಿಮೆಂಟು ಹಾಕಬೇಕಿತ್ತು.

ಅತ್ತೆ ಪ್ರತಿಯೊಬ್ಬರಿಗೂ "ಬನ್ನಿ" ಅನ್ನುತ್ತಾಳೆ. ದನಿ ಒಂದೊಂದು ಸಲಕ್ಕೂ ಸ್ವಲ್ಪ ಸಣ್ಣದಾಗುತ್ತಿದೆ. ಎದ್ದು ಹೋಗಿ ಬೀದಿಯಲ್ಲಿ ಯಾರನ್ನಾದರೂ ಕೈಹಿಡಿದು ಎಳೆದು ತರಲೇ ಅಂದೆ. "ಕೂತ್ಕೋ," ಅಂದಳು.

9.20

ಇಡ್ಲಿ ಆರಿತು. ಎರಡನೇ ಒಬ್ಬೆ ಇಡಲೇ ಎಂದು ಒಳಗಿನವರು ಕೇಳಿದರು. ಅತ್ತೆ ಇಡು ಅಂದಳು. ಮಾವ ಗಡಿಯಾರ ನೋಡಿಕೊಂಡರು. ನಾನು ಅವರನ್ನು ದುರುಗುಟ್ಟಿ ನೋಡಿದೆ. ಅವರು ಸಂತೋಷದಲ್ಲೇನೂ ಇರಲಿಲ್ಲ, ಪಾಪ. ಬೀದಿಯ ಆ ತುದಿ ಈ ತುದಿ ಅವರೂ ನೋಡುತ್ತಿದ್ದರು.

9.40

ಸೈಕಲ್ಲುಗಳು. ಕಾಲೇಜು ಹುಡುಗರು, ಒಂದು ಹಿಂಡು. ನೇರವಾಗಿ ಒಳಗೇ ನುಗ್ಗಿದರು. ನುಗ್ಗಿ ಎಲ್ಲರೂ ತಲೆಯೆತ್ತಿದರು.

"ಆಂಟಿ, ಚಟ್ಟದ ಹೋಟ್ಲು ಇದೇ ಅಲ್ವಾ?"

ಅತ್ತೆ ಅವರನ್ನೇ ನೋಡಿದಳು.

"ಇದೇ ಕಣಪ್ಪ. ನಿನ್ನೆ ಬಿಚ್ಚಿಸ್ದೆ."

"ಛೇ! ಬಿಚ್ಚಿಸ್ಬಿಟ್ರಾ? ಮಗಾ, ನಾನ್ ಹೇಳ್ಲಿಲ್ವಾ ನಿನ್ನೇನೇ ಬರೋಣ ಅಂತ! ಮಡಕೆ ಎಲ್ಲ ಇತ್ತಂತಲ್ಲ ಆಂಟಿ, ಸಖತ್ತಾಗಿತ್ತಂತೆ?"

"ಚೆನ್ನಾಗಿತ್ತು," ಅಂದಳು ಅತ್ತೆ. "ನಮ್ಮ ಅಣ್ಣನ ಮಗಳು ಮಾಡಿದ್ದು. ಕಾಲೇಜಿಗೆ ತಿಂಡಿ ತಿನ್ನದೇ ಹೊರಟಿದೀರ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂತರು!! ಆರು ಗೊಜ್ಜವಲಕ್ಕಿ, ಆಮೇಲೆ ಇಡ್ಲಿ, ಇನ್ನೊಂದು ಪ್ಲೇಟು ಇಡ್ಲಿ. ಅವರನ್ನು ಕಂಡು ಬಾಗಿಲಲ್ಲಿ ಅನುಮಾನಿಸುತ್ತಿದ್ದ ಒಂದು ಸಂಸಾರವೂ ಒಳಗೆ ಬಂತು. ಅವರ ಹಿಂದೆ ಬ್ಯಾಂಕಿನ ಇಬ್ಬರು. ಎಲೆ ಒರೆಸಿ ಒರೆಸಿ ನನ್ನ ಕೈ—

10.15

ಒಂದು ನಿಮಿಷ ಸಿಕ್ಕಿದೆ. ಮಾವ ಒಳಗೆ ಬಂದರು, ಬೆವರು ಒರೆಸಿಕೊಳ್ಳುತ್ತಾ ನೇರ ನನ್ನ ಹತ್ತಿರ. "ಏನಮ್ಮ ಇದು? ದುಡ್ಡು ಕೊಡೋಕೆ ಜನ ಸಾಲು ನಿಂತಿದಾರೆ, ನಿಮ್ಮತ್ತೆ ಎಲ್ಲೋ ನೋಡ್ತಾ ಕೂತಿದಾಳೆ. ಹೀಗಾದ್ರೆ ವ್ಯಾಪಾರ ಆಗತ್ತಾ? ಹೋಗಿ ಹೇಳು."

ಹೇಳಲು ಹೋದೆ. ಹೇಳಲಿಲ್ಲ. ಮೂಲೆಯ ಮೇಜಿನಲ್ಲಿ ಆ ಹುಡುಗರಲ್ಲಿ ಒಬ್ಬ, ಗೊಜ್ಜವಲಕ್ಕಿಯ ಕೊನೆಯ ತುತ್ತನ್ನು ಬಾಯಲ್ಲಿಟ್ಟು ಕಣ್ಣು ಮುಚ್ಚಿದ್ದ. ಅತ್ತೆ ಬಗ್ಗಿ, ಗಲ್ಲಾದ ಮೇಲೆ ಎರಡೂ ಮೊಣಕೈ ಊರಿ, ಅವನು ಅಗಿಯುವುದನ್ನು ನೋಡುತ್ತಿದ್ದಳು.